ಅಳಿಸದೆ ಕೊಟ್ಟ ಡಿಸ್ಕು

ಹೊಸದುರ್ಗದ ಗುರುರಾಜನಂಥ ಗಿರಾಕಿ ನನ್ನ ವೈರಿಗೂ ಸಿಗುವುದು ಬೇಡ. ಚಿತ್ರದುರ್ಗದಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಹಳೇ ಮಷೀನು ಕೊಳ್ಳುವುದು, ಧೂಳು ಝಾಡಿಸಿ ಮಾರುವುದು ನನ್ನ ಹೊಟ್ಟೆಪಾಡು. ಜಿಪುಣರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಒಂದು ಪೆಟ್ಟಿಗೆ ಆರಿಸುವುದಕ್ಕೆ ಮೂರು ತಿಂಗಳು ಶನಿವಾರ ಶನಿವಾರ ಬಸ್ಸು ಹತ್ತಿ ಬಂದವನು ಇವನೊಬ್ಬನೇ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು, ಎದುರಿಗೆ ಸಾರ್, ಬರ್ರಿ, ಕುಂತ್ಕಳ್ರಿ ಎನ್ನುತ್ತಿದ್ದೆ. ಇಲ್ಲಿ ಏಕವಚನ ಸಾಕು.

ಅವನಿಗೆ ಮನೆಗೆ ಫೈರ್‌ವಾಲ್ ಬೇಕಾಗಿತ್ತು. ಇಂಟರ್ನೆಟ್ ಲೈನು ಮನೆಯೊಳಗೆ ಬರುವ ಜಾಗದಲ್ಲಿ ಒಂದು ಸಣ್ಣ ಕಂಪ್ಯೂಟರನ್ನು ಬಾಗಿಲು ಕಾಯಲು ಕೂರಿಸುವುದು. ಒಳಗಿಂದ ಏನು ಹೊರಗೆ ಹೋಗಬೇಕು, ಹೊರಗಿಂದ ಏನು ಒಳಗೆ ಬರಬೇಕು ಎಂದು ಅದು ತೀರ್ಮಾನಿಸುತ್ತದೆ. ಸಾಫ್ಟ್‌ವೇರು ಓಪನ್ ಸೋರ್ಸ್, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಬಿಟ್ಟಿ ಎಂಬ ಮಾತೇ ಅವನನ್ನು ಇದಕ್ಕೆ ಎಳೆದಿದ್ದು ಎಂದು ನನ್ನ ಗುಮಾನಿ. ಮನೆಯಲ್ಲಿ ನಾಲ್ಕು ಕ್ಯಾಮೆರಾ, ದೊಡ್ಡ ಟಿವಿ, ಅಪ್ಪ ಪರಮೇಶ್ವರಪ್ಪನವರ ಕೊಬ್ಬರಿ ವ್ಯಾಪಾರದ ಕಂಪ್ಯೂಟರು ಇದ್ದವು. ಯಾರದೋ ಮನೆಯ ಕ್ಯಾಮೆರಾದ ದೃಶ್ಯ ಮೊಬೈಲಿಂದ ಮೊಬೈಲಿಗೆ ಹರಿದಾಡಿದ್ದನ್ನು ನೋಡಿ ಹೆದರಿದ್ದ. ನಮ್ಮ ಮನೆ ಸುದ್ದಿ ನಮ್ಮ ಹೊಸಲು ದಾಟಬಾರದು ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ತಾನು ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ಆ ಜಾತಿಯ ಹೆದರಿಕೆ.

ಸಾಫ್ಟ್‌ವೇರು ಬಿಟ್ಟಿ, ಪೆಟ್ಟಿಗೆಗೆ ಮಾತ್ರ ದುಡ್ಡು ಬಿಚ್ಚಬೇಕು. ಅಲ್ಲೇ ತೊಡಕು. ಮೊದಲು ಆನ್‌ಲೈನಿನಲ್ಲಿ ಸಿಗುವ ಹೊಸ ಪೆಟ್ಟಿಗೆ ತೋರಿಸಿದೆ: ನಾಲ್ಕು ಪೋರ್ಟು, ಫ್ಯಾನ್ ಇಲ್ಲ, ನಮ್ಮ ಕಡೆಯ ಧೂಳಿಗೆ ಹೇಳಿ ಮಾಡಿಸಿದ್ದು. ಬೆಲೆ ಕೇಳಿ ಕೆಮ್ಮಿದ. ಯಾವುದೋ ಆಫೀಸು ಹರಾಜು ಹಾಕಿದ ಪುಸ್ತಕದ ಗಾತ್ರದ ಪುಟ್ಟ ಮಷೀನು ತೋರಿಸಿದೆ. ಅಗ್ಗ, ಕರೆಂಟೂ ಕಡಿಮೆ, ಆದರೆ ನೆಟ್‌ವರ್ಕ್ ಕೇಬಲ್ಲಿಗೆ ಒಂದೇ ತೂತು. ಫೈರ್‌ವಾಲಿಗೆ ಎರಡು ಬೇಕು, ಒಂದು ಹೊರಗಿನ ಲೈನಿಗೆ, ಒಂದು ಮನೆಗೆ. ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸೋಣ ಎಂದರೆ, ಅದು ನಡುವೆ ಕೈಕೊಡುತ್ತದೆಂದು ಯಾರೋ ಬರೆದದ್ದನ್ನು ಪ್ರಿಂಟ್ ಹಾಕಿಸಿ ತಂದ. ಹಳೇ ದೊಡ್ಡ ಸಿಪಿಯು ಕೊಡುತ್ತೇನೆ, ಹೆಚ್ಚೂಕಡಿಮೆ ಬಿಟ್ಟಿ ಎಂದರೆ, ಅದು ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆಂದು ನನ್ನದೇ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ. ಅವನು ಹೇಳುತ್ತಿದ್ದುದೆಲ್ಲ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಆ ಶನಿವಾರಗಳಲ್ಲೇ ನಾನೊಂದು ಬುದ್ಧಿವಂತಿಕೆ ಮಾಡಿದೆ. ಅವನ ತಮ್ಮ ರಾಜಶೇಖರ್‌ಗೆ ಹೆಣ್ಣು ನೋಡುತ್ತಿದ್ದರು. ಹುಡುಗ ಹೊಸದುರ್ಗದಲ್ಲೇ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ, ಚಟವಿಲ್ಲ, ಜನ ನಮ್ಮವರೇ, ಒಂದೇ ಮಠಕ್ಕೆ ನಡೆದುಕೊಳ್ಳುವವರು. ಹೊಳಲ್ಕೆರೆಯಲ್ಲಿ ನನ್ನ ಅಕ್ಕ ಜಯಕ್ಕನ ಮಗಳು ಭಾಗ್ಯ ಬಿ.ಎಡ್. ಮುಗಿಸಿ ಮನೆಯಲ್ಲಿದ್ದಳು. ಭಾವ ಅಜ್ಜಪ್ಪ ಬಾಯಿಲ್ಲದ ಮನುಷ್ಯ, ಮಗಳ ಮದುವೆ ಮಾತು ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ನಾನೇ ಮಾತು ತೆಗೆದೆ. ರೇಣುಕಮ್ಮ ಎಂಬ ನೆಂಟರ ಹೆಂಗಸು ನಡುವೆ ಓಡಾಡಿದರು. ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಹುಡುಗ ಭಾಗ್ಯಳ ಜೊತೆ ಹಿತ್ತಲಲ್ಲಿ ಹತ್ತು ನಿಮಿಷ ಮಾತಾಡಿ ನಗುತ್ತ ಬಂದ. ಅವಳಂತೂ ಆ ವಾರವೆಲ್ಲ ಮನೆಯಲ್ಲಿ ಹಾಡಿಕೊಂಡು ತಿರುಗಿದಳಂತೆ. ಒಪ್ಪಿಗೆ ಶಾಸ್ತ್ರಕ್ಕೆ ದಿನ ಗೊತ್ತುಮಾಡುವುದೊಂದು ಬಾಕಿ.

ಅದೇ ಹೊತ್ತಿಗೆ ಹಿರಿಯೂರಿನ ಗುಜರಿ ಕೆಂಚಣ್ಣ ಫೋನು ಮಾಡಿದ. ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬು ಬಾಗಿಲು ಹಾಕಿದೆ, ಐದು ಕಂಪ್ಯೂಟರು ಇವೆ ಎಂದ. ಹೋಗಿ ನೋಡಿದರೆ ಚಿನ್ನದಂಥ ಮಾಲು. ದೊಡ್ಡ ಸಿಪಿಯುವಿನ ಕಾಲು ಭಾಗ ಕರೆಂಟಿನಲ್ಲಿ ಓಡುವ ಚಿಕ್ಕ ಡಬ್ಬಿಗಳು, ಒಳಗೆ ಒಂದು ಕಾರ್ಡು ಕೂರಿಸುವ ಜಾಗ. ನನ್ನ ಹತ್ತಿರ ಹಳೇ ಸರ್ವರಿನಿಂದ ಬಿಚ್ಚಿದ ಎರಡು ಪೋರ್ಟಿನ ಒಳ್ಳೆ ನೆಟ್‌ವರ್ಕ್ ಕಾರ್ಡಿತ್ತು. ಅದರ ತಗಡಿನ ಪಟ್ಟಿ ಉದ್ದವಾಗಿತ್ತು, ಕೊಯ್ದು ಅರದಿಂದ ಉಜ್ಜಿ ಕೂರಿಸಿದೆ. ಗುರುರಾಜ ತನಗೆ ಬೇಕಾದದ್ದನ್ನೆಲ್ಲ ಬರೆದಿಟ್ಟಿದ್ದ ಚೀಟಿ ತೆಗೆದು ಒಂದೊಂದೇ ಗೀಟು ಹಾಕಿ ನೋಡಿದ. ಪೋರ್ಟು ಸರಿ, ಕಾರ್ಡಿನ ಚಿಪ್ಪು ಸರಿ, ಮೆಮೊರಿ ಸರಿ, ಕರೆಂಟು ಸರಿ, ಬೆಲೆ ಹೊಸದರ ಕಾಲು ಭಾಗ. ಹೊಸ ಡಿಸ್ಕು ಹಾಕಿಕೊಡಲೇ ಎಂದೆ. ಹಳೆಯದೇ ಸಾಕು, ಸುಮ್ಮನೆ ಯಾಕೆ ಖರ್ಚು ಎಂದ.

ನನ್ನದೊಂದು ಪದ್ಧತಿ ಇದೆ. ಪೂರ್ತಿ ದುಡ್ಡು ಕೈಗೆ ಬರುವ ತನಕ ಹಳೇ ಡಿಸ್ಕನ್ನು ಅಳಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಸ್ಕ್ರೀನಿನ ಮೇಲೆ ಏನಾದರೂ ಮೂಡಿದರೇ ನಂಬಿಕೆ, ಮಾಲು ವಾಪಸು ಬಂದರೆ ಮುಂದಿನವನಿಗೂ ಅದನ್ನೇ ತೋರಿಸಬಹುದು. ಗುರುರಾಜ ಐನೂರು ರೂಪಾಯಿ ಬಾಕಿ ಉಳಿಸಿಕೊಂಡ, ಎಂಟು ದಿನ ಓಡಿಸಿ ನೋಡಿ ಕೊಡುತ್ತೇನೆ ಎಂದ. ಫೈರ್‌ವಾಲನ್ನು ತಾನೇ ಹಾಕಿಕೊಳ್ಳುತ್ತೇನೆಂದೂ ಹೇಳಿದ. ಅದನ್ನು ಹಾಕುವಾಗ ಡಿಸ್ಕಿನಲ್ಲಿದ್ದದ್ದೆಲ್ಲ ಹೇಗೂ ಅಳಿಸಿಹೋಗುತ್ತದೆ. ಒಂದು ಕೆಲಸ ಉಳಿಯಿತೆಂದು ಹಾಗೇ ಕಟ್ಟಿಕೊಟ್ಟೆ.

ಹತ್ತನೆಯ ದಿನ ರೇಣುಕಮ್ಮನಿಂದ ಜಯಕ್ಕನಿಗೆ ಫೋನು ಬಂತು. ಹುಡುಗನ ಮನೆಯವರಿಗೆ ಮನಸ್ಸಿಲ್ಲವಂತೆ. ಕಾರಣ ಕೇಳಿದರೆ ಹೇಳಲಿಲ್ಲ. ಅಕ್ಕ ನನಗೆ ಫೋನು ಮಾಡಿ ಅತ್ತಳು. ನಾನು ವರದಕ್ಷಿಣೆಯ ವಿಷಯವಿರಬೇಕೆಂದುಕೊಂಡೆ. ಮಾರನೆಯ ದಿನವೇ ಗುರುರಾಜ ಅಂಗಡಿಗೆ ಬಂದು ಐನೂರು ರೂಪಾಯಿ ಟೇಬಲಿನ ಮೇಲಿಟ್ಟ. ಫೈರ್‌ವಾಲು ಬೆಣ್ಣೆಯ ಹಾಗೆ ಓಡುತ್ತಿದೆ ಎಂದು ಹೊಗಳಿದ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

ಫೈರ್‌ವಾಲು ಹಾಕುವ ಮುಂಚೆ ಹಳೇ ಡಿಸ್ಕಿನಲ್ಲಿ ಏನಿದೆ ಎಂದು ನೋಡಿದ್ದಾನೆ. ಲ್ಯಾಬಿಗೆ ಬಂದವರ ರಿಪೋರ್ಟುಗಳೆಲ್ಲ ಹೆಸರಿನ ಪ್ರಕಾರ ಇದ್ದವಂತೆ, ಸಾವಿರಾರು. ಭಾಗ್ಯ ಹಿರಿಯೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳಲ್ಲವೇ ಎಂದು ನೆನಪಾಗಿ, ಅವಳ ಹೆಸರು ಹಾಕಿ ಹುಡುಕಿದ್ದಾನೆ. ಸಿಕ್ಕಿದೆ. ಎರಡು ವರ್ಷದ ಹಿಂದಿನ ರಿಪೋರ್ಟು. ಅದರಲ್ಲಿ ರಕ್ತ, ಸಕ್ಕರೆ, ಕಾಮಾಲೆಯ ಜೊತೆ ಗರ್ಭ ಪರೀಕ್ಷೆಯ ಸಾಲೂ ಒಂದು.

ಎರಡು ವರ್ಷದ ಹಿಂದೆ ಭಾಗ್ಯಳಿಗೆ ಹಾಸ್ಟೆಲಿನಲ್ಲಿ ಹೊಟ್ಟೆನೋವು ಬಂದು ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ಆಸ್ಪತ್ರೆಯಲ್ಲಿ ಮೂರು ದಿನ ಕಾದವನು ನಾನೇ. ಆಪರೇಷನ್ನಿಗೆ ಮುಂಚೆ ಹೆಂಗಸರಿಗೆಲ್ಲ ಆ ಪರೀಕ್ಷೆ ಮಾಡುತ್ತಾರೆ, ಅಜ್ಜಿಯರನ್ನು ಬಿಟ್ಟು ಯಾರನ್ನೂ ಬಿಡುವುದಿಲ್ಲ ಎಂದು ಹೇಳಿದೆ. ಫಲಿತಾಂಶ ಏನಿತ್ತು ಅದನ್ನು ಹೇಳಿ ಎಂದೆ.

"ನೆಗೆಟಿವ್ ಅಂತಾನೇ ಐತೆ, ನಾನೂ ಓದ್ಕಂಡಿದೀನಿ" ಎಂದ ಗುರುರಾಜ. "ಮಾಡಿಸೋ ಪರಿಸ್ಥಿತಿ ಯಾಕೆ ಬಂತು ಅನ್ನೋದು ನಮ್ಮಪ್ಪನ ಪ್ರಶ್ನೆ. ನಾವು ಮರ್ಯಾದಸ್ಥರು ಕಲ್ಲೇಶಣ್ಣ. ನಿಮ್ ಮಷೀನು ನಮ್ಮನೆ ಮಾನ ಉಳಿಸ್ತು."

ಕಪಾಳಕ್ಕೆ ಬಿಡಬೇಕಿತ್ತು. ಬಿಡಲಿಲ್ಲ, ಯಾಕೆಂದರೆ ಅವನ ಮುಂದಿನ ಮಾತು ನನ್ನ ಕೈ ಕಟ್ಟಿಹಾಕಿತು. ಇದು ಡಿಸ್ಕಿನಿಂದ ಬಂತೆಂದು ತಾನು ಎಲ್ಲೂ ಬಾಯಿ ಬಿಟ್ಟಿಲ್ಲ, ಬಿಟ್ಟರೆ ನಿಮ್ಮ ಅಂಗಡಿಗೆ ಪೊಲೀಸು ಬರಬಹುದು, ನಮಗೂ ಅದು ಬೇಡ, ಲ್ಯಾಬಿನವರೇ ಹೇಳಿದ್ದೆಂದು ರೇಣುಕಮ್ಮನಿಗೆ ಹೇಳಿದ್ದೇನೆ ಎಂದ. ನನಗೆ ಉಪಕಾರ ಮಾಡಿದವನ ಹಾಗೆ ನಕ್ಕು ಎದ್ದು ಹೋದ. ಐನೂರು ರೂಪಾಯಿ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿದೆ. ಅಂಗಡಿಯ ಬಾಗಿಲು ಎಳೆದು, ಉಳಿದ ನಾಲ್ಕು ಮಷೀನಿನ ಡಿಸ್ಕುಗಳನ್ನು ಅಳಿಸಿದೆ. ಮೊದಲೇ ಮಾಡಬೇಕಾದ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಮಾಡಿದ್ದು ಅದೇ ಮೊದಲು.

ಮೂರು ದಿನದಲ್ಲಿ ರೇಣುಕಮ್ಮನ ಬಾಯಿಂದ ಕಾರಣವೂ ಹೊರಬಿತ್ತು, ಲ್ಯಾಬಿನವರೇ ಹೇಳಿದ್ದೆಂಬ ಮಾತೂ ಹೊರಬಿತ್ತು. ಆ ಲ್ಯಾಬಿನಲ್ಲಿ ಇದ್ದದ್ದು ಒಬ್ಬಳೇ ಹುಡುಗಿ, ಮಂಗಳಾ. ಭಾಗ್ಯಳ ರಕ್ತ ತೆಗೆದವಳೂ ಅವಳೇ. ಲ್ಯಾಬು ಮುಚ್ಚಿದ ಮೇಲೆ ಹಿರಿಯೂರಿನಲ್ಲೇ ಒಂದು ನರ್ಸಿಂಗ್ ಹೋಮಿಗೆ ಸೇರಿದ್ದಳು. ಜಯಕ್ಕ ಕಾರು ತಗಂಡು ಬಾ ಎಂದಳು. ಎಲ್ಲಿಗೆ, ಯಾಕೆ ಎಂದು ನನಗೆ ಗೊತ್ತಿತ್ತು. ದಾರಿಯಲ್ಲಿ ಹೇಳಿಬಿಡೋಣ ಎಂದುಕೊಂಡೇ ಕಾರು ಓಡಿಸಿದೆ. ಐಮಂಗಲ ದಾಟುವಾಗ ಬಾಯಿ ತೆಗೆದೆ ಕೂಡ. ಅಕ್ಕ ಏನೆಂದು ಕೇಳಿದಳು. ಟೀ ಕುಡಿತೀಯಾ ಎಂದೆ.

ನರ್ಸಿಂಗ್ ಹೋಮಿನ ಬಾಗಿಲಲ್ಲಿ, ಚೀಟಿ ಹಿಡಿದು ಕಾಯುತ್ತಿದ್ದ ಜನರ ಎದುರು, ಅಕ್ಕ ಆ ಹುಡುಗಿಗೆ ಚಪ್ಪಲಿಯಲ್ಲಿ ಹೊಡೆದಳು. ಒಂದಲ್ಲ, ನಾಲ್ಕು. ಮಂಗಳಾ ಮೊದಲ ಏಟಿಗೆ ಯಾರಿಗೋ ಹೊಡೆಯಲು ಹೋಗಿ ತನಗೆ ತಗುಲಿತೆಂಬಂತೆ ಹಿಂದೆ ತಿರುಗಿ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಯಾರಿಗೂ ಏನೂ ಹೇಳಿಲ್ಲ ಅಕ್ಕಾರೆ ಎಂದಷ್ಟೇ ಹೇಳುತ್ತಿದ್ದಳು. ನಾನು ಅಕ್ಕನ ತೋಳು ಹಿಡಿದೆ, ಆದರೆ ನಾಲ್ಕನೆಯ ಏಟು ಬಿದ್ದ ಮೇಲೆ ಹಿಡಿದೆ. ಮೊದಲೇ ಹಿಡಿದಿದ್ದರೆ ಯಾಕೆ ಹಿಡಿದೆ ಎಂದು ಅಕ್ಕ ಕೇಳುತ್ತಿದ್ದಳೆಂಬ ಲೆಕ್ಕ ನನ್ನ ತಲೆಯಲ್ಲಿ ಓಡಿತ್ತು. ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆದರು. ಅವಳ ಪರವಾಗಿ ಬಂದು ಕೇಳುವವರು ಯಾರಿದ್ದರು? ಅಪ್ಪ ಇಲ್ಲ, ತಾಯಿ ಹುಲಿಗೆಮ್ಮ ಕಂಡವರ ಹೊಲದಲ್ಲಿ ಕೂಲಿ. ಬಡವನ ಕೋಪ ದವಡೆಗೆ ಮೂಲ ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಎರಡು ವಾರದ ಮೇಲೆ ಮಂಗಳಾ ನನ್ನ ಅಂಗಡಿಗೆ ಬಂದಳು. ಗುರುತು ಸಿಕ್ಕಿದ ಕೂಡಲೇ ನನಗೆ ಓಡಿಹೋಗೋಣ ಎನ್ನಿಸಿತು. ಅವಳು ಜಗಳಕ್ಕೆ ಬಂದವಳಲ್ಲ. ಲ್ಯಾಬಿನ ಮಷೀನು ಯಾರಿಗೆ ಹೋದವೆಂದು ಕೆಂಚಣ್ಣನ ಹತ್ತಿರ ಕೇಳಿ ತಿಳಿದುಕೊಂಡು ಬಂದಿದ್ದಳು. ಲ್ಯಾಬಿನ ಯಜಮಾನ ಡಿಸ್ಕುಗಳನ್ನು ಹಾಗೇ ಗುಜರಿಗೆ ಹಾಕಿದ್ದು ತನಗೆ ಗೊತ್ತಿತ್ತೆಂದು, ಆಗ ಅದು ತಪ್ಪೆಂದು ಹೊಳೆಯಲಿಲ್ಲವೆಂದು ಅವಳೇ ಹೇಳಿದಳು. ಆ ಡಿಸ್ಕುಗಳು ಇನ್ನೂ ಇವೆಯೇ ಎಂದು ಕೇಳಿದಳು. ಅಳಿಸಿದ್ದೇನೆ ಎಂದೆ. ಯಾವಾಗ ಎಂದು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೇ ಎಂದು ಅವಳಿಗೆ ತಿಳಿದಿತ್ತೆಂದು ನನ್ನ ನಂಬಿಕೆ, ಆದರೂ ಕೇಳಲಿಲ್ಲ. ದಾವಣಗೆರೆಯಲ್ಲಿ ಕೆಲಸ ಹುಡುಕುತ್ತಿದ್ದಾಳಂತೆ. ಹೋದಲ್ಲೆಲ್ಲ ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಕೇಳುತ್ತಾರಂತೆ.

"ನನ್ ಕೈಲಿ ಆಗಿದ್ದಲ್ಲ, ಡಿಸ್ಕಿಂದ ಹೋಗಿರಬೋದು ಅಂತ ನಿಮ್ಮಕ್ಕಗೆ ಒಂದು ಮಾತು ಹೇಳ್ರಿ ಅಣ್ಣ" ಎಂದಳು. "ನಿಮ್ ಹೆಸರು ನಾನು ಎಲ್ಲೂ ತೆಗಿಯಲ್ಲ. ಅವರು ಒಂದು ಮಾತು ಅಂದ್ರೆ ನರ್ಸಿಂಗ್ ಹೋಮಿನೋರು ವಾಪಸ್ ತಗಂತಾರೆ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಸುಳ್ಳಿಗಲ್ಲ, ನಿಜವಾಗಿಯೇ ಕೊಟ್ಟೆ. ನಾಚಿಕೆಯಾಗಿತ್ತು. ಆ ಹುಡುಗಿಯ ಎಡಗೆನ್ನೆಯ ಮೇಲೆ ಚಪ್ಪಲಿಯ ಬಕಲ್ಲು ಕೊರೆದ ಗೆರೆ ಇನ್ನೂ ಇತ್ತು. ಮರುದಿನವೇ ಹೊಳಲ್ಕೆರೆಗೆ ಹೋಗಿ, ಅಕ್ಕನನ್ನು ನಡುಮನೆಯಲ್ಲಿ ಕೂರಿಸಿ, ಕೆಂಚಣ್ಣನಿಂದ ಹಿಡಿದು ಗುರುರಾಜನ ತನಕ ಒಂದೂ ಬಿಡದೆ ಹೇಳಿದೆ. ಭಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅಕ್ಕ ನನಗೂ ಚಪ್ಪಲಿ ತೆಗೆದುಕೊಳ್ಳುತ್ತಾಳೆಂದು ಕಾದೆ. ತೆಗೆದುಕೊಂಡಿದ್ದರೆ ಚೆನ್ನಾಗಿತ್ತು. ಅವಳು ಇದನ್ನು ಯಾರಿಗೆಲ್ಲ ಹೇಳಿದೀಯಾ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದಾಗ ಉಸಿರು ಬಿಟ್ಟಳು.

ಭಾಗ್ಯಳಿಗೆ ಇನ್ನೊಂದು ಸಂಬಂಧ ಬಂದಿತ್ತು, ಭರಮಸಾಗರದಿಂದ. ಹುಡುಗ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ. ಹೊಸದುರ್ಗದ ಮಾತು ಅವರ ಕಿವಿಗೂ ಬಿದ್ದಿತ್ತು. ಅಕ್ಕ ಅವರಿಗೆ ಕೊಟ್ಟ ಉತ್ತರ ಒಂದೇ: ಲ್ಯಾಬಿನ ಹುಡುಗಿ ಹೊಟ್ಟೆಕಿಚ್ಚಿಗೆ ಕಟ್ಟಿದ ಸುಳ್ಳು, ಅದಕ್ಕೇ ಅವಳಿಗೆ ಜನರ ಎದುರು ಹೊಡೆದು ಬಂದೆ. ಅವರು ಅರ್ಧ ನಂಬಿದ್ದರು. ಮಂಗಳಾ ಸುಳ್ಳುಗಾತಿಯಾಗಿ ಉಳಿದರೆ ಆ ಪರೀಕ್ಷೆ ಆಗಿಯೇ ಇಲ್ಲ. ಮಂಗಳಾ ಹೇಳಿಲ್ಲ, ಡಿಸ್ಕು ಹೇಳಿತು ಎಂದರೆ ರಿಪೋರ್ಟು ನಿಜವಾಗಿಬಿಡುತ್ತದೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಅಕ್ಕನಲ್ಲ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಭಾಗ್ಯ. ನಾನು ಹೆಗಲ ಮೇಲೆ ಹೊತ್ತು ಕೋಟೆ ತೋರಿಸಿದ ಹುಡುಗಿ ಮುಖದಲ್ಲಿ ಒಂದು ಗೆರೆಯೂ ಅಲುಗದೆ ಹೇಳಿದಳು. ಆಪರೇಷನ್ನಿಗೆ ಮಾಡಿಸಿದ ಪರೀಕ್ಷೆ ಎಂದು ಸತ್ಯವನ್ನೇ ಹೇಳೋಣ ಕಣಮ್ಮ ಎಂದೆ. ಸತ್ಯ ಹೇಳಿ ಹೊಸದುರ್ಗದವರ ಹತ್ತಿರ ಏನಾಯಿತು ಎಂದು ಕೇಳಿದಳು.

"ಆ ಹುಡುಗಿಗೆ ಬೇರೆ ಕೆಲಸ ಸಿಗುತ್ತೆ ಮಾವ" ಎಂದಳು. "ನನಗೆ ಈ ಸಲ ತಪ್ಪಿದ್ರೆ ಮುಗೀತು. ಮಾಡಿದ್ದು ನೀನು. ಈಗ ಸುಮ್ಮನಿರೋದಾದ್ರೂ ಕಲಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಭಾಗ್ಯಳ ಮಾನದ ಮಾತು. ಮಂಗಳಾಳಿಗೂ ಒಂದು ಮಾನವಿದೆ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಊಟ ಮಾಡಿಕೊಂಡು ಚಿತ್ರದುರ್ಗಕ್ಕೆ ವಾಪಸು ಬಂದೆ. ಮಂಗಳಾ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ.

ಭರಮಸಾಗರದವರು ಸೋಮವಾರ ಬಂದರು, ಎಂಟು ಜನ. ಹುಡುಗನ ದೊಡ್ಡಪ್ಪನದೇ ಯಜಮಾನಿಕೆ. ಬಿಳಿ ಮೀಸೆ, ನಿಧಾನದ ಮಾತು, ಕೆಟ್ಟ ಮನುಷ್ಯನಲ್ಲ. ಉಪ್ಪಿಟ್ಟು, ಬಾಳೆಹಣ್ಣು ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು, ಒಂದು ಮಾತು ಕೇಳಿ ಮುಗಿಸಿಬಿಡುತ್ತೇವೆ, ತಪ್ಪು ತಿಳಿಯಬೇಡಿ ಎಂದ. ಹೆತ್ತವರನ್ನು ಕೇಳಿದರೆ ಹೆತ್ತವರು ಮಗಳ ಪರವಾಗಿಯೇ ಹೇಳುತ್ತಾರೆ. ನಮ್ಮಲ್ಲಿ ಸೋದರಮಾವನ ಮಾತಿಗೆ ತೂಕ. ಧಾರೆಯ ಮಂಟಪಕ್ಕೆ ಹೆಣ್ಣನ್ನು ಕರೆತರುವವನು ಅವನು, ಹೆಣ್ಣಿನ ಒಳಿತು ಕೆಡುಕಿಗೆ ಜವಾಬ್ದಾರನೂ ಅವನೇ. ಆ ಲ್ಯಾಬಿನ ಮಾತು ಏನಪ್ಪ ಎಂದು ನೇರವಾಗಿ ನನ್ನನ್ನೇ ಕೇಳಿದ.

ಅಕ್ಕ ನನ್ನಿಂದ ಬಯಸಿದ್ದು ಒಂದೇ ಮಾತು, ಅದು ಸುಳ್ಳು ಎಂಬುದು. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಎಂಟು ಜನರೂ ಇನ್ನೂ ಅರ್ಧ ನಂಬಿದ ಮುಖದಲ್ಲೇ ಕೂತಿದ್ದರು. ಬಾಗಿಲ ಸಂದಿಯಲ್ಲಿ ಭಾಗ್ಯಳ ಸೀರೆಯ ಅಂಚು ಕಾಣುತ್ತಿತ್ತು. ನನ್ನಿಂದ ಹಾಳಾದದ್ದನ್ನು ನಾನೇ ಸರಿಮಾಡುತ್ತೇನೆಂಬ ಹುರುಪು ಎಲ್ಲಿಂದ ಬಂತೋ ಗೊತ್ತಿಲ್ಲ.

"ಅಪ್ಪಟ ಸುಳ್ಳು ಯಜಮಾನ್ರೆ" ಎಂದೆ. "ನಾನು ಕಂಪ್ಯೂಟರ್ ಕೆಲಸದೋನು. ಆ ಲ್ಯಾಬ್ ಮುಚ್ಚಿದಾಗ ಐದೂ ಮಷೀನು ತಗಂಡಿದ್ದು ನಾನೇ. ಈ ಮಾತು ಎದ್ದಾಗ ಡಿಸ್ಕೆಲ್ಲ ಜಾಲಾಡ್ಸಿ ನೋಡಿದೀನಿ. ನಮ್ಮ ಹುಡುಗಿ ಹೆಸರೇ ಅದರಾಗಿಲ್ಲ. ಆ ಹುಡುಗಿ ಕಟ್ಟಿದ ಕತೆ ಅದು."

ಮಂಗಳಾಳನ್ನು ಉಳಿಸಬಹುದಾಗಿದ್ದ ಮಾತು ಅದೊಂದೇ. ಡಿಸ್ಕುಗಳು ನನ್ನ ಹತ್ತಿರ ಬಂದಿದ್ದವು ಎಂಬುದು. ಅದನ್ನೇ ಉರುಳು ಮಾಡಿ ಅವಳ ಕುತ್ತಿಗೆಗೆ ಹಾಕಿದೆ, ಯಾರೂ ಕೇಳದಿದ್ದರೂ. ಎಂಟು ಜನರ ಮುಖವೂ ಒಟ್ಟಿಗೆ ಸಡಿಲವಾಯಿತು. ದೊಡ್ಡಪ್ಪ ತೊಡೆ ತಟ್ಟಿಕೊಂಡು, ಸೋದರಮಾವ ಕಣ್ಣಾರೆ ನೋಡಿದ ಮೇಲೆ ಮುಗಿಯಿತು ಎಂದ. ಅಕ್ಕ ಎಲೆ ಅಡಿಕೆಯ ತಟ್ಟೆ ತಂದಳು. ಭಾಗ್ಯ ಹೊರಗೆ ಬಂದು ಎಲ್ಲರಿಗೂ ನಮಸ್ಕಾರ ಮಾಡಿ, ಕೊನೆಗೆ ನನ್ನ ಕಾಲಿಗೂ ಬಿದ್ದು ಎದ್ದಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದನ್ನು ನೋಡಿದೆ. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಹೊರಡುವಾಗ ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದ. ಅವನ ಅಳಿಯ ದಾವಣಗೆರೆಯ ಆಸ್ಪತ್ರೆಗಳಿಗೆಲ್ಲ ಔಷಧಿ ಹಾಕುತ್ತಾನಂತೆ, ಎಲ್ಲ ಕಡೆಯೂ ಪರಿಚಯವಂತೆ. ಇವತ್ತು ನಮ್ಮ ಮನೆಗೆ ಬರುವ ಹೆಣ್ಣಿನ ಮೇಲೆ ಹೇಳಿದವಳು ನಾಳೆ ಇನ್ನೊಬ್ಬರ ಮಗಳ ಮೇಲೆ ಹೇಳುತ್ತಾಳೆ, ಅಂಥವಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಅಳಿಯನಿಗೆ ಒಂದು ಮಾತು ಹೇಳಿಡುತ್ತೇನೆ ಎಂದ. ಮೊಬೈಲು ತೆಗೆದು, ಕನ್ನಡಕ ಏರಿಸಿಕೊಂಡು, ಆ ಹುಡುಗಿ ಹೆಸರೇನು ಎಂದು ಕೇಳಿದ.

ಮಂಗಳಾ ಎಂದೆ. ಆ ಹೆಸರಿನವರು ಬಹಳ ಜನ ಇರುತ್ತಾರಲ್ಲ ಎಂದು ಅವನು ಅನುಮಾನಿಸಿದ. ತಾಯಿಯ ಹೆಸರು ಹುಲಿಗೆಮ್ಮ, ಎಡಗೆನ್ನೆಯ ಮೇಲೆ ಗೆರೆ ಇದೆ ಎಂದು ಹೇಳಿದೆ.